ಮಳೆಗೂ ಕೊಯ್ಲಿಗೂ ನಡುವೆ

ಶರದೃತುವು ಬಂದಿತೆಂಬುದನ್ನು ಕವಿಗಳು ತಿಳಿಯಾದ ಆಕಾಶದಿಂದಲೂ ಹಾಲಿನಂತಹ ಬೆಳ್ದಿಂಗಳಿಂದಲೂ ಅರಿಯುವರು. ಚಿಕ್ಕಮಗಳೂರು ಸೀಮೆಯ ಕಾಫಿ ಬೆಟ್ಟಗಳಲ್ಲಿ ಎಳೆಯ ಮಕ್ಕಳಿರುವ ಮನೆಯ ಹೆಂಗಸರಿಗೆ ಅದು ತಿಳಿಯುವುದು ಬಟ್ಟೆ ಒಣಗುವುದರಿಂದ. ಜೂನ್ ಮೊದಲುಗೊಂಡು ನಾಲ್ಕು ತಿಂಗಳು ಒಲೆಯ ಮೇಲಣ ಹಗ್ಗದಲ್ಲಿ ತೂಗಿ, ಹೊಗೆಯ ವಾಸನೆ ಹಿಡಿದು, ಅಷ್ಟಾದರೂ ಅಂಚಿನ ತೇವ ಬಿಡದಿದ್ದ ಕೂಸಿನ ಬಟ್ಟೆಗಳು ಒಂದು ದಿನ ಅಂಗಳದ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿದುವೆಂದರೆ ಆಶ್ವಯುಜ ಬಂದಿತೆಂದೇ ಲೆಕ್ಕ. ಎಲೆ ಉದುರುವ ಶರತ್ಕಾಲ ಇಲ್ಲಿಯದಲ್ಲ. ಕಾಡೂ ತೋಟವೂ ಹಸುರಾಗಿಯೇ ನಿಂತಿರುವುವು. ಆ ಹಸುರಿನ ನಡುವೆ ಅರೇಬಿಕಾ ಕಾಯಿಗಳು ಮಾತ್ರ ಅಲ್ಲೊಂದು ಇಲ್ಲೊಂದು ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗತೊಡಗುವುವು.

ಮಾರ್ಚ್ ಏಪ್ರಿಲ್ ತಿಂಗಳುಗಳ ಹೂಮಳೆಗೆ ಅರಳಿದ ಅರೇಬಿಕಾ ಹೂವು ಹಣ್ಣಾಗಲು ಎಂಟು ಒಂಬತ್ತು ತಿಂಗಳು ಬೇಕು. ಹೆಣ್ಣಿನ ಬಸುರಿಗೂ ಈ ಗಿಡದ ಬಸುರಿಗೂ ಲೆಕ್ಕ ಹೆಚ್ಚು ಕಡಮೆ ಒಂದೇ ಎಂದು ನಮ್ಮ ಅತ್ತೆಯವರು ನಗುತ್ತ ಹೇಳುವುದುಂಟು. ಮಳೆ ಹಿಂದೆಗೆದ ಮೇಲೆ ಕೊಯ್ಲು ಭರದಿಂದ ಸಾಗುವವರೆಗೆ ಐದಾರು ವಾರಗಳ ಒಂದು ಅವಧಿ ದೊರೆಯುವುದು. ತೋಟದಲ್ಲಿ ಆಗಲೂ ಕೆಲಸ ತಪ್ಪುವುದಿಲ್ಲ. ಕಳೆ ತೆಗೆಯಬೇಕು; ಎಲೆಯ ತುಕ್ಕು ರೋಗಕ್ಕೆ ಮೈಲುತುತ್ತ ಸುಣ್ಣಗಳನ್ನು ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಹೊಡೆದಂತೆ ಮಳೆಯ ತರುವಾಯವೂ ಹೊಡೆಯಬೇಕು. ಆದರೆ ದಾರಿಗಳು ತೆರೆದಿರುವುವು, ಹಳ್ಳಗಳು ಇಳಿದಿರುವುವು, ಮನೆಯ ಹಿರಿಯ ಹೆಂಗಸರ ಕೈಗೆ ಸ್ವಲ್ಪ ಬಿಡುವು ಇರುವುದು. ಮಳೆಗಾಲದಲ್ಲಿ ಹೆತ್ತ ಬಾಣಂತಿಯನ್ನು ತವರಿನಿಂದ ಗಂಡನ ಮನೆಗೆ ಕರೆತರಲು ಮಲೆನಾಡಿನಲ್ಲಿ ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ನಾನು ಎರಡು ವರ್ಷ ಎಂಟು ತಿಂಗಳ ಮಗಳನ್ನೂ, ಆಷಾಢದಲ್ಲಿ ಹುಟ್ಟಿದ ಮೂರು ತಿಂಗಳ ಮಗನನ್ನೂ ಕರೆದುಕೊಂಡು ಚಿಕ್ಕಮಗಳೂರಿನ ತವರಿನಿಂದ ಕಳಸದ ಬಳಿಯ ನಮ್ಮ ಮನೆಗೆ ಹೊರಟದ್ದು ಇಂತಹ ದಿನಗಳಲ್ಲಿಯೇ. ಮೂಡಿಗೆರೆ, ಕೊಟ್ಟಿಗೆಹಾರಗಳ ಮೇಲೆ ಹೋದರೆ ಸುಮಾರು ೯೦ ಕಿಲೋಮೀಟರು ದಾರಿ. ದೂರ ಕೇಳುವುದಕ್ಕೆ ಅಲ್ಪ. ಆದರೆ ಕೂಸಿಗೆ ಹಾಲೂಡುವುದಕ್ಕೆ ಎರಡು ಸಲ, ದೊಡ್ಡವಳ ಹೊಟ್ಟೆ ತೊಳಸಿದುದಕ್ಕೆ ಮೂರು ಸಲ ನಿಂತೆವಾಗಿ ಹಗಲು ಅರ್ಧ ಕಳೆಯಿತು. ಸೋದರಿಯರಿಗೆ ಉಪಯೋಗವಾದೀತೆಂದು ಎರಡು ಮಾತು ಹೇಳುವೆನು. ತಿರುವುಗಳ ದಾರಿಯಲ್ಲಿ ನಡೆದಾಡುವ ಮಗುವಿಗೆ ಬರಿ ಹೊಟ್ಟೆಯೂ ಸಲ್ಲದು, ಹಾಲು ಕುಡಿದ ತುಂಬಿದ ಹೊಟ್ಟೆಯೂ ಸಲ್ಲದು. ಎರಡು ಹಿಡಿ ಮಂಡಕ್ಕಿ ಸಾಕು. ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು ಮೋಟಾರಿನ ಮುಂದಿನ ಆಸನದಲ್ಲಿ ಕುಳಿತುಕೊಳ್ಳುವ ನಮ್ಮ ಅಭ್ಯಾಸವು ಬಹಳ ಅಪಾಯಕರವಾದುದು. ಮಗುವಿಗೆಂದೇ ಮಾಡಿದ ಪಟ್ಟಿಯ ಆಸನವನ್ನು ಹಿಂದೆ ಬಿಗಿಯುವುದೇ ಕ್ಷೇಮ. ಕೂಸು ಅದರಲ್ಲಿ ಮೊದಲ ಹತ್ತು ನಿಮಿಷ ಅಳುವುದು, ಆಮೇಲೆ ನಿದ್ರಿಸುವುದು.

ಚಿಕ್ಕಮಗಳೂರು ಪಟ್ಟಣವು ಬಾಬಾಬುಡನ್ ಗಿರಿಶ್ರೇಣಿಯ ಮಡಿಲಿನಲ್ಲಿದೆ. ಸುಮಾರು ೧,೯೩೦ ಮೀಟರು ಎತ್ತರದ ಮುಳ್ಳಯ್ಯನಗಿರಿ, ಕರ್ನಾಟಕದ ಅತ್ಯುನ್ನತ ಶಿಖರ, ಮಳೆ ಬಿಟ್ಟ ಬೆಳಗಿನಲ್ಲಿ ಊರಿನಿಂದಲೇ ಕಾಣುವುದು. ೧೭ನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಫಕೀರರು ಅರಬರ ನಾಡಿನಿಂದ ಏಳು ಕಾಫಿ ಬೀಜಗಳನ್ನು ತಂದು ಈ ಬೆಟ್ಟದಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಓದುಗರು ಬಲ್ಲರು. ಪಟ್ಟಣವನ್ನು ಬಿಟ್ಟು ಮೂಡಿಗೆರೆಯ ಕಡೆಗೆ ಸಾಗಿದಂತೆ ಮಳೆಯ ಸೀಮೆ ಆರಂಭವಾಗುವುದು. ಹಾಲುವಾಣ, ಸಿಲ್ವರ್ ಓಕ್, ಹಲಸಿನ ಮರಗಳ ನೆರಳು ದಾರಿಯ ಮೇಲೆ ಕವಿಯುವುದು. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯಲ್ಲಿ ಹಸುರು ಗೆರೆಗಳು ಇಳಿಬಿದ್ದಿರುವುವು.

ಮೂಡಿಗೆರೆ ಇಂದು ಶಾಲೆ ಅಂಗಡಿ ಆಸ್ಪತ್ರೆಗಳಿರುವ ಲವಲವಿಕೆಯ ಊರು. ಹಿಂದೆ ಈ ಹೆಸರು ಕೇಳಿದರೆ ಬಯಲುಸೀಮೆಯ ತಾಯಿತಂದೆಗಳು ಹೆಣ್ಣು ಕೊಡಲು ಹಿಂದೆಗೆಯುತ್ತಿದ್ದರೆಂದು ನನ್ನ ಅಜ್ಜಿ ಹೇಳುತ್ತಿದ್ದರು. ಕಾರಣ ಚಳಿಜ್ವರ. ೧೯೨೦ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನದವರು ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನಕ್ಕೆ ಕೇಂದ್ರಗಳನ್ನು ತೆರೆದಾಗ ಆರಿಸಿದ ಊರುಗಳಲ್ಲಿ ಮೂಡಿಗೆರೆಯೂ ಒಂದು. ರೋಗದ ಪ್ರಾಬಲ್ಯಕ್ಕೆ ಬೇರೆ ಸಾಕ್ಷಿ ಬೇಡ. ಮಲೇರಿಯಾ ಎಲ್ಲರನ್ನೂ ಪೀಡಿಸಿದರೂ ಬಸುರಿಯರಿಗೂ ಐದು ವರ್ಷದೊಳಗಿನ ಮಕ್ಕಳಿಗೂ ವಿಶೇಷವಾಗಿ ಮಾರಕ. ರಕ್ತಹೀನತೆ, ಗರ್ಭಪಾತ, ತೂಕವಿಲ್ಲದೆ ಹುಟ್ಟಿದ ಶಿಶುಗಳು, ಇವೆಲ್ಲ ಆ ಒಂದು ಸೊಳ್ಳೆಯ ಕಡಿತದ ಫಲಗಳು. ತೊಟ್ಟಿಲು ಕಟ್ಟಿ ಮತ್ತೆ ಬಿಚ್ಚಿದ ಮನೆಗಳು ಈ ಬೆಟ್ಟಗಳಲ್ಲಿ ಎಷ್ಟೋ. ಡಿ.ಡಿ.ಟಿ. ಸಿಂಪಡಿಕೆಯೂ, ೧೯೫೩ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ ಈ ಭಯವನ್ನು ತಗ್ಗಿಸಿದುವು. ಇಂದು ನಾವು ತಂಪು ಹವೆಯೆಂದು ಹೊಗಳಿ ವಿಹಾರಕ್ಕೆ ಬರುವ ಬೆಟ್ಟಗಳು ಮೂರು ತಲೆಮಾರುಗಳ ಹಿಂದಿನ ತಾಯಂದಿರಿಗೆ ಹೇಗೆ ಕಂಡಿರಬಹುದೆಂಬುದನ್ನು ಮರೆಯಬಾರದು. ಸೊಳ್ಳೆಪರದೆಯನ್ನು ನಮ್ಮ ಮನೆಯಲ್ಲಿ ಈಗಲೂ ಸಂಜೆ ಐದೂವರೆಗೇ ತೊಟ್ಟಿಲಿಗೆ ಇಳಿಬಿಡುವರು.

ಕೊಟ್ಟಿಗೆಹಾರದಲ್ಲಿ ಮಂಜು ಕವಿದಿತ್ತು. ಪಡುವಣಕ್ಕೆ ಚಾರ್ಮಾಡಿ ಘಟ್ಟವಿಳಿಯುವ ದಾರಿ, ಬಡಗಣಕ್ಕೆ ಕಳಸದ ದಾರಿ. ಇಲ್ಲಿಯ ನೀರುದೋಸೆ ಪ್ರಸಿದ್ಧವಾದುದು. ಮಗಳು ಅದನ್ನು ಕರವಸ್ತ್ರವೆಂದು ಕರೆದು ಮೂರು ತಿಂದಳು. ಮುಂದೆ ಜಾವಳಿಯ ಆಸುಪಾಸು. ಹೇಮಾವತಿ ಹುಟ್ಟುವುದು ಇಲ್ಲಿಯೇ. ಅಲ್ಲಿಂದಾಚೆಗೆ ನೀರೆಲ್ಲವೂ ಭದ್ರೆಯ ಪಾಲು. ದಾರಿಯ ಬದಿಯ ಗುಡ್ಡಗಳಲ್ಲಿ ಅಲ್ಲಲ್ಲಿ ಕೆಮ್ಮಣ್ಣಿನ ಗಾಯಗಳು ಕಾಣುವುವು. ೨೦೧೯ರ ಆಗಸ್ಟಿನ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಕುಸಿದು ಮನೆ ತೋಟಗಳನ್ನು ಕೊಚ್ಚಿಕೊಂಡು ಹೋದುವು. ಚಾರ್ಮಾಡಿಯ ದಾರಿಯೂ ಮುಚ್ಚಿತು. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಹೆಬ್ಬಾಳೆಯ ಹಳೆಯ ಸೇತುವೆಯು ಭದ್ರೆಯ ನೆರೆಗೆ ಮುಳುಗುತ್ತಿದ್ದುದು ಮಳೆಗಾಲ ಮಳೆಗಾಲಕ್ಕೂ ಕೇಳಿಬರುತ್ತಿದ್ದ ವಾರ್ತೆ. ದಿನ ತುಂಬಿದ ಬಸುರಿಯನ್ನು ಆಷಾಢಕ್ಕೆ ಮುಂಚೆಯೇ ಪಟ್ಟಣಕ್ಕೆ ಸಾಗಿಸುವ ಪದ್ಧತಿಗೆ ಶಾಸ್ತ್ರಕ್ಕಿಂತ ಇಂತಹ ಹೊಳೆಗಳೇ ಹೆಚ್ಚಿನ ಕಾರಣವೆಂದು ನನ್ನ ಅಭಿಪ್ರಾಯ.

ಮನೆ ತಲಪುವ ಹೊತ್ತಿಗೆ ನೆರೆಹೊರೆಯವರೆಲ್ಲ ಜಗಲಿಯಲ್ಲಿ ಸೇರಿದ್ದರು. ಆರತಿಯಾಯಿತು. ಹೆಂಗಸರೆಲ್ಲರೂ ಕೂಸಿನ ಮೇಲೆ ಬಾಗಿದರು. ಮೂಗು ಯಾರದು, ಬಣ್ಣ ಯಾರದು ಎಂಬ ಚರ್ಚೆ ನಡೆಯಿತು. ನಾಲ್ಕು ತಿಂಗಳ ಹಿಂದೆ ಇದೇ ಜಗಲಿಯಲ್ಲಿ ರಾಣಿಯಂತೆ ಮೆರೆದಿದ್ದ ದೊಡ್ಡವಳು ಕಂಬವನ್ನು ತಬ್ಬಿಕೊಂಡು ನಿಂತಿದ್ದಳು. ಆಕೆ ತವರಿನಲ್ಲಿದ್ದಾಗಲೇ ಹಿಂದಕ್ಕೆ ನಡೆಯಲು ಹೊರಟಿದ್ದಳು. ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಬಂದಿತು. ಲೋಟದಲ್ಲಿ ಕುಡಿಯುತ್ತಿದ್ದವಳು ತಮ್ಮನ ಒಳಲೆಯೇ ಬೇಕೆಂದು ಹಟ ಹಿಡಿದಳು. ಒಂದು ದಿನ ತೊಟ್ಟಿಲಿನೊಳಗೆ ಹತ್ತಿ ಮಲಗಿ, ತಾನೇ ಪಾಪುವೆಂದಳು. ಇದು ದುರ್ಗುಣವಲ್ಲ. ತಾಯಿಯ ಮಡಿಲು ಇನ್ನೊಬ್ಬರದಾಯಿತೆಂಬುದನ್ನು ಹೇಳಲು ಎರಡೂವರೆ ವರ್ಷದ ಮಗುವಿಗೆ ಮಾತುಗಳಿಲ್ಲ. ಅದು ಮೈಯಿಂದಲೇ ಹೇಳಬೇಕು. ಗದರಿಸಿದಷ್ಟೂ ಈ ನಡತೆ ಬಲಿಯುವುದೆಂದು ಮಕ್ಕಳ ವೈದ್ಯರು ಹೇಳುವರು.

ಅತ್ತೆಯವರು ವೈದ್ಯರನ್ನು ಕೇಳಿದವರಲ್ಲ. ಬಂದವರನ್ನು ಕುರಿತು, "ಮೊದ್ಲು ದೊಡ್ಡವಳನ್ನ ಮಾತಾಡ್ಸಿ. ಪಾಪು ಎಲ್ಲಿಗಾದ್ರೂ ಓಡಿ ಹೋಗ್ತದಾ?" ಎಂದರು. ಅಂದಿನಿಂದ ಅವರು ಹಿಡಿದ ಕ್ರಮ ಬಹಳ ಸರಳವಾದುದು. ಬೆಳಗ್ಗೆ ಕೂಸಿಗೆ ಎಣ್ಣೆಯೊತ್ತಿ ನೀರು ಹಾಕುವುದಕ್ಕೆ ಮುಂಚೆ ದೊಡ್ಡವಳಿಗೆ ಎಣ್ಣೆ, ದೊಡ್ಡವಳಿಗೆ ನೀರು. ಒಣಗಿದ ಬಟ್ಟೆಗಳನ್ನು ಅಂಗಳದಿಂದ ಎತ್ತಿ ತರುವುದು ಅವಳ ಅಧಿಕಾರ. ಬೇರೆಯವರು ಮುಟ್ಟಿದರೆ ಅವಳ ಅಪ್ಪಣೆ ಬೇಕು. ಕೂಸು ಹಾಲು ಕುಡಿಯುವಾಗ ಅವಳು ನನ್ನ ಮಗ್ಗುಲಲ್ಲಿ ಕುಳಿತು ಅಜ್ಜಿಯ ಬಾಯಿಂದ ಕಥೆ ಕೇಳುವಳು. ಹದಿನೈದು ದಿನಗಳಲ್ಲಿ ಒಳಲೆಯ ಹಟ ಬಿಟ್ಟಿತು. ಹಾಸಿಗೆ ಇನ್ನೂ ಒಮ್ಮೊಮ್ಮೆ ಒದ್ದೆಯಾಗುವುದು. ಬಿಸಿಲು ಇದೆ, ಒಣಗುವುದು.

ಅತ್ತೆಯವರ ಎಲ್ಲ ಕ್ರಮಗಳನ್ನೂ ನಾನು ಒಪ್ಪಿದೆನೆಂದಲ್ಲ. ಸಾಂಬ್ರಾಣಿಯ ಹೊಗೆಯನ್ನು ಕೂಸಿಗೆ ಹಿಡಿಯುವುದನ್ನೂ, ಬಜೆಯನ್ನು ಜೇನಿನಲ್ಲಿ ತೇದು ನೆಕ್ಕಿಸುವುದನ್ನೂ ಬೇಡವೆಂದೆನು. ಎಳೆಯ ಶ್ವಾಸಕೋಶಕ್ಕೆ ಹೊಗೆ ಕೆಟ್ಟದ್ದು. ಒಂದು ವರ್ಷ ತುಂಬದ ಶಿಶುವಿಗೆ ಜೇನು ಸರ್ವಥಾ ಸಲ್ಲದು. ಆರು ತಿಂಗಳವರೆಗೆ ತಾಯಿಯ ಹಾಲಲ್ಲದೆ ನೀರೂ ಬೇಡ. ಅವರು ಒಂದು ದಿನ ಮುನಿಸಿಕೊಂಡರು. ಮರುದಿನ ನನಗೆ ಮೆಣಸು ಬೆಳ್ಳುಳ್ಳಿಯ ಸಾರನ್ನು ಇನ್ನಷ್ಟು ಖಾರವಾಗಿ ಮಾಡಿ ಬಡಿಸಿ ಲೆಕ್ಕ ತೀರಿಸಿದರು.

ಆಶ್ವಯುಜದ ಹುಣ್ಣಿಮೆ ಭೂಮಿ ಹುಣ್ಣಿಮೆ. ಆ ಹೊತ್ತಿಗೆ ಗದ್ದೆಯ ಭತ್ತವು ಹೊಡೆ ತುಂಬಿ ನಿಂತಿರುವುದು. ಭೂಮಿತಾಯಿ ಬಸುರಿಯೆಂದು ಭಾವಿಸಿ ಅವಳ ಬಯಕೆಯನ್ನು ತೀರಿಸುವುದೇ ಈ ಹಬ್ಬ. ಹಿಂದಿನ ರಾತ್ರಿಯೆಲ್ಲ ಒಲೆ ಆರುವುದಿಲ್ಲ. ನಾನಾ ಬಗೆಯ ಸೊಪ್ಪುಗಳನ್ನು ಕೂಡಿಸಿ ಬೇಯಿಸುವರು, ಕಡುಬು ಮಾಡುವರು. ನಸುಕಿನಲ್ಲಿ ಗಂಡಸರು ಅದನ್ನು ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಬೀರಿ ಬರುವರು. ಮಗಳು ಎದ್ದದ್ದು ಬಿಸಿಲೇರಿದ ಮೇಲೆ. ಅಜ್ಜನ ಬೆರಳು ಹಿಡಿದು ಗದ್ದೆಯ ಬದುವಿನಲ್ಲಿ ನಡೆದು ಹೋಗಿ, ಎಲ್ಲವನ್ನೂ ಕೇಳಿ ತಿಳಿದು, "ಗದ್ದೆಗೂ ಪಾಪು ಬರ್ತದಾ ಅಜ್ಜ?" ಎಂದಳಂತೆ.

"ಬರ್ತದೆ ಮಗಾ, ಭತ್ತ ಹಣ್ಣಾಗ್ಲಿ."

"ಹಂಗಾದ್ರೆ ಹಳೇ ಪಾಪು ಎಲ್ಲಿಗೆ ಹೋಗ್ತದೆ?"

ಮಾವನವರು ಇದಕ್ಕೆ ಏನೂ ಹೇಳಲಾರದೆ ಅವಳನ್ನು ಎತ್ತಿಕೊಂಡು ಮನೆಯವರೆಗೂ ಬಂದರು. ಅವರ ಮಂಡಿನೋವನ್ನು ಬಲ್ಲ ನಾವು ಬೆರಗಾದೆವು.

ಇಷ್ಟೆಲ್ಲ ಕೈಗಳಿರುವ ಮನೆಯ ಮಾತಾಯಿತು. ನಮ್ಮ ಅಂಗಳದಿಂದ ಕೂಗಳತೆಯ ದೂರದಲ್ಲಿ ಕೂಲಿಯವರ ಲೈನು ಇದೆ. ಅಲ್ಲಿಯೂ ಒಬ್ಬಳು ತಾಯಿ. ಅವಳಿಗೂ ಒಂದು ಮೂರು ವರ್ಷದ್ದು, ಒಂದು ಕೈಗೂಸು. ಅತ್ತೆ ಊರಿನಲ್ಲಿ, ಗಂಡ ಮರಕಸಿಯ ಕೆಲಸದಲ್ಲಿ. ಹಣ್ಣು ಕೊಯ್ಲಿನ ಕಾಲದಲ್ಲಿ ಇಂತಹ ತಾಯಂದಿರು ಸೀರೆಯ ಜೋಲಿಯನ್ನು ನೆರಳುಮರದ ಕೊಂಬೆಗೆ ಕಟ್ಟಿ, ದೊಡ್ಡ ಮಗುವನ್ನು ಕಾವಲಿಗೆ ಕೂರಿಸಿ, ಸಾಲಿನಲ್ಲಿ ಮುಂದೆ ಸಾಗುತ್ತಿದ್ದುದನ್ನು ಹಳಬರೆಲ್ಲ ಕಂಡಿರುವರು. ತಾನೇ ಮಗುವಾಗಿರಬೇಕಾದ ಮಗುವು ಹೀಗೆ ತಾಯಿಯಾಗುವುದು. ನನ್ನ ಮಗಳಿಗೆ ಬಟ್ಟೆ ಎತ್ತಿ ತರುವುದು ಆಟ. ಅಲ್ಲಿ ಅದು ಆಟವಲ್ಲ.

ಈ ಕಷ್ಟವನ್ನು ಕಾಯಿದೆಯು ಕಾಣದೆ ಇಲ್ಲ. ೧೯೫೧ರ ತೋಟಗಾರಿಕಾ ಕಾರ್ಮಿಕರ ಕಾಯಿದೆಯು ೫೦ ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುಪಾಲನಾ ಗೃಹವಿರಬೇಕೆಂದು ವಿಧಿಸಿತು. ೧೯೮೧ರ ತಿದ್ದುಪಡಿಯು ಕೆಲಸದವರ ಮಕ್ಕಳು ೨೦ ಮಂದಿ ಇದ್ದರೂ ಸಾಕೆಂದಿತು. ೧೯೬೧ರ ಹೆರಿಗೆ ಸೌಲಭ್ಯ ಕಾಯಿದೆಯ ಮೇರೆಗೆ ದೊರೆಯುತ್ತಿದ್ದ ೧೨ ವಾರಗಳ ರಜೆಯನ್ನು ೨೦೧೭ರಲ್ಲಿ ಮೊದಲ ಎರಡು ಮಕ್ಕಳಿಗೆ ೨೬ ವಾರಗಳಿಗೆ ಏರಿಸಲಾಯಿತು. ಆದರೆ ಈ ಬೆಟ್ಟಗಳ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು. ಹತ್ತು ಹೆಂಗಸರು ಇಲ್ಲಿ, ಎಂಟು ಹೆಂಗಸರು ಅಲ್ಲಿ. ಇಪ್ಪತ್ತು ಮಕ್ಕಳು ಒಂದೆಡೆ ಸೇರುವುದೇ ಇಲ್ಲ. ಕೊಯ್ಲಿಗೆಂದು ಮೇಸ್ತ್ರಿಯೊಡನೆ ಬಂದು ಹೋಗುವವಳ ಹೆಸರು ಯಾವ ಹಾಜರಿ ಪುಸ್ತಕದಲ್ಲಿಯೂ ವರ್ಷವಿಡೀ ಇರುವುದಿಲ್ಲ. ೧೯೭೫ರಲ್ಲಿ ದೇಶದಲ್ಲಿ ಆರಂಭವಾದ ಅಂಗನವಾಡಿಗಳು ಈ ಕಂದಕವನ್ನು ಬಹುಮಟ್ಟಿಗೆ ತುಂಬಿವೆ. ಆದರೆ ಮೂರು ವರ್ಷದ ಕಾಲುಗಳಿಗೆ ಒಂದು ಗುಡ್ಡ ಇಳಿದು ಇನ್ನೊಂದು ಗುಡ್ಡ ಏರುವ ದಾರಿ ದೂರವೇ. ಕರೆದೊಯ್ಯುವವಳು ಎಂಟು ಗಂಟೆಗೆ ತೋಟದಲ್ಲಿರಬೇಕು.

ಅಕ್ಕಪಕ್ಕದ ನಾಲ್ಕು ತೋಟದವರು ಕೂಡಿ ಒಬ್ಬ ಹಿರಿಯ ಹೆಂಗಸಿಗೆ ಸಂಬಳ ಕೊಟ್ಟು, ಒಂದು ಹೆಂಚಿನ ಕೋಣೆ, ಹಾಲು, ಶುದ್ಧವಾದ ನೀರು ಒದಗಿಸಿದರೆ ಕೊಯ್ಲಿನ ಮೂರು ತಿಂಗಳು ಈ ಮಕ್ಕಳು ಸುಖವಾಗಿರುವರು. ಖರ್ಚು ಒಂದು ಹೊಸ ಮೋಟಾರಿನ ಕಂತಿಗಿಂತ ಕಡಮೆ. ಈ ಮಾತನ್ನು ನಾನು ಊಟದ ಹೊತ್ತಿನಲ್ಲಿ ಎತ್ತಿದೆನು. ನಮ್ಮವರು ಲೆಕ್ಕ ಹಾಕೋಣವೆಂದರು. ಮಾವನವರು ಮಜ್ಜಿಗೆ ಬಡಿಸಿಕೊಂಡರು. ಅತ್ತೆಯವರು ಮಾತ್ರ ಹಳೆಯ ಗೊಬ್ಬರದ ಕೋಣೆಗೆ ಸುಣ್ಣ ಹೊಡೆಸಿದರೆ ಸಾಕಲ್ಲವೇ ಎಂದು ಕೇಳಿದರು. ಮರುದಿನ ಅಲ್ಲಿಯ ಔಷಧಿಯ ಡಬ್ಬಿಗಳನ್ನೂ ಮೈಲುತುತ್ತದ ಚೀಲಗಳನ್ನೂ ಬೀಗವಿರುವ ಬೇರೆ ಕೋಣೆಗೆ ಸಾಗಿಸಿ, ನೆಲವನ್ನು ಮೂರು ಸಲ ತೊಳೆಸಲಾಯಿತು. ಮಕ್ಕಳಿರುವ ತೋಟದ ಮನೆಗಳಲ್ಲಿ ಈ ಬೀಗವು ಹೇಗೂ ಇರತಕ್ಕದ್ದು. ನೀಲಿ ಹರಳುಗಳು ಕಲ್ಲುಸಕ್ಕರೆಯಂತೆ ಹೊಳೆಯುವುವು.

ದೀಪಾವಳಿ ಕಳೆದ ಸೋಮವಾರ ತೋಟದವರು ಫ್ಲೈ ಎಂದು ಕರೆಯುವ ಮೊದಲ ಕೊಯ್ಲು ಮೊದಲಾಯಿತು. ಕೆಂಪಾದ ಹಣ್ಣುಗಳನ್ನಷ್ಟೇ ಆರಿಸಿ ಬಿಡಿಸುವ ಕೆಲಸ. ಅತ್ತೆಯವರು ತಲೆಗೆ ವಸ್ತ್ರ ಕಟ್ಟಿಕೊಂಡು ಕಣಕ್ಕೆ ಇಳಿದರು. ಸುಣ್ಣದ ವಾಸನೆ ಆರದ ಕೋಣೆಯಲ್ಲಿ ಅಂದು ಐದು ಮಕ್ಕಳು. ಲೈನಿನ ಕೈಗೂಸು ಜೋಲಿಯಲ್ಲಿ. ನನ್ನ ಮಗಳು ಹನ್ನೊಂದು ಗಂಟೆಯವರೆಗೆ ಅಲ್ಲಿದ್ದು, ಆ ಮೂರು ವರ್ಷದ ಹುಡುಗಿಯೊಡನೆ ಜಗಳವಾಡಿ, ರಾಜಿಯಾಗಿ, ಅವಳನ್ನೇ ಕರೆದುಕೊಂಡು ಬಂದಳು. ಇಬ್ಬರ ತುಟಿಯೂ ಕಾಫಿ ಹಣ್ಣಿನ ಸಿಹಿಯಿಂದ ಅಂಟಂಟಾಗಿತ್ತು.

ಮಗನಿಗೆ ಆರು ತಿಂಗಳು ತುಂಬುವುದು ಪುಷ್ಯದಲ್ಲಿ. ಅಷ್ಟರೊಳಗೆ ಅರೇಬಿಕಾ ಮುಗಿದು ರೊಬಸ್ಟಾ ಕೆಂಪಾಗಲು ತೊಡಗಿರುವುದು. ಅನ್ನಪ್ರಾಶನವನ್ನು ಭದ್ರೆಯಾಚೆಯ ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಮಾಡುವುದೆಂದು ನಿಶ್ಚಯವಾಗಿದೆ. ಕಳಸದಿಂದ ಎಂಟು ಕಿಲೋಮೀಟರು. ಮೊದಲ ತುತ್ತನ್ನು ತಾನೇ ಇಡುವುದಾಗಿ ದೊಡ್ಡವಳು ಈಗಲೇ ಹೇಳಿಟ್ಟಿರುವಳು.