ಸೀರಿ ಉಟ್ಕೊಂಡೇ ಕಲೀರಿ

ಹುನಗುಂದದಾಗ ಈಗ ಅರಿಷಿಣದ ದಿನ ಮದುಮಗಳ ಜೋಡಿ ಗೆಳತ್ಯಾರೂ ಕುಣೀಬೇಕು. ಸಂಜಿ ಮುಂದ ಮಾಳಗಿ ಮ್ಯಾಲ ತಾಲೀಮು. ನೀರಿನ ಟ್ಯಾಂಕಿಗೆ ಆನಿಸಿಟ್ಟ ಮೊಬೈಲೇ ಮಾಸ್ತರ. 2018ರ ‘ರ‍್ಯಾಂಬೊ 2’ ಸಿನಿಮಾದ ‘ಚುಟು ಚುಟು’ ಇಲ್ಲದ ಹಾಡಿನ ಪಟ್ಟಿ ನಾನಂತೂ ನೋಡಿಲ್ಲ.

ಆದ್ರ ಚೂಡಿದಾರದಾಗ ಕಲಿತ ಹೆಜ್ಜಿ ಇಳಕಲ್ ಸೀರ್ಯಾಗ ಬರೂದಿಲ್ಲ ನೋಡ್ರಿ. ನಿರಿಗಿ ಕಾಲಾಗ ಸಿಗತಾವ, ಸೆರಗು ಜಾರತೈತಿ. ಮೈಗೆ ಹತ್ತಿ ಹಾಸು, ಸೆರಗಿಗೆ ರೇಷ್ಮಿ ಹಾಸು, ಎರಡನ್ನೂ ಕೊಂಡಿ ಹಾಕಿ ಕೂಡಿಸಿದ ಸೀರಿ ಅದು. ಪಿನ್ನು ಚುಚ್ಚಿ ಜಗ್ಗಿದ್ರ ಅವ್ವನ ಬೈಗುಳ ಗ್ಯಾರಂಟಿ. ನಮ್ಮ ದೊಡ್ಡವ್ವ ಅದೇ ಸೀರಿ ಕಚ್ಚಿ ಹಾಕಿ ಕೋಲಾಟ ಆಡ್ತಾಳ, ಒಂದು ನಿರಿಗೀನೂ ಅಲುಗೂದಿಲ್ಲ!

ಮದುವಿಗೆ ವಾರ ಇದ್ದಾಗಲೇ ಹಳೇ ಸೀರಿ ಉಟ್ಟು ತಾಲೀಮು ಮಾಡ್ರವ್ವಾ. ಮದುಮಗಳಿಗೆ ಮಾತ್ರ ಸರಳ ಹೆಜ್ಜಿ ಕೊಡ್ರಿ.