ಅಗೆದ ಮಣ್ಣು, ಹಾಡಿದ ಬಾಯಿ: ಟ್ರಿನಿಡಾಡಿನ ಮದುವೆ ಶಾಸ್ತ್ರಗಳು

ಕಲ್ಕತ್ತೆಯಿಂದ ಹೊರಟ ‘ಫತೇಲ್ ರಜಾಕ್’ ಎಂಬ ಹಡಗು 1845ರ ಮೇ 30ರಂದು ಟ್ರಿನಿಡಾಡ್ ದ್ವೀಪವನ್ನು ಮುಟ್ಟಿತು. ಅಂದಿನಿಂದ 1917ರವರೆಗೆ ಕರಾರು ಕೂಲಿಗಳಾಗಿ ಅಲ್ಲಿಗೆ ಬಂದಿಳಿದ ಭಾರತೀಯರ ಸಂಖ್ಯೆ 1,40,000ಕ್ಕೂ ಹೆಚ್ಚು. ಭೋಜಪುರಿ, ಅವಧಿ ಮಾತನಾಡುವ ಸೀಮೆಗಳವರೇ ಇವರಲ್ಲಿ ಅಧಿಕ. ಕಬ್ಬಿನ ತೋಟದ ಸಾಲುಮನೆಗಳಲ್ಲಿ ಜಾತಿಯ ಕಟ್ಟು ಸಡಿಲವಾಯಿತು. ಸ್ತ್ರೀಯರ ಸಂಖ್ಯೆ ಬಹಳ ಕಡಿಮೆಯಿದ್ದುದರಿಂದ ಕುಲ ನೋಡಿ ಸಂಬಂಧ ಬೆಳೆಸುವುದು ದುಸ್ತರವಾಯಿತು. ಆದರೂ ಮದುವೆಯ ಶಾಸ್ತ್ರಗಳು ನಿಲ್ಲಲಿಲ್ಲ. ಅವುಗಳಲ್ಲಿ ಯಾವುದು ಉಳಿಯಿತು, ಯಾವುದು ಮಾರ್ಪಟ್ಟಿತು, ಯಾರ ಒತ್ತಡದಿಂದ ಮಾರ್ಪಟ್ಟಿತು ಎಂಬುದು ವಿಚಾರಾರ್ಹ.

ಮೊದಲ ಒತ್ತಡ ಪ್ರಭುತ್ವದ್ದು. ಬಿದಿರಿನ ಚಪ್ಪರದಡಿ, ಪುರೋಹಿತನ ಸಮ್ಮುಖದಲ್ಲಿ, ಊರವರ ಸಾಕ್ಷಿಯಲ್ಲಿ ನಡೆದ ಹಿಂದೂ ವಿವಾಹಕ್ಕೆ 1945ರವರೆಗೆ ಅಲ್ಲಿ ಕಾನೂನಿನ ಮಾನ್ಯತೆಯಿರಲಿಲ್ಲ. ಪ್ರತ್ಯೇಕವಾಗಿ ನೋಂದಾಯಿಸದಿದ್ದರೆ ಹುಟ್ಟಿದ ಮಕ್ಕಳು ಅಕ್ರಮ ಸಂತಾನವೆನಿಸುತ್ತಿದ್ದರು. ತಂದೆಯ ಆಸ್ತಿಯ ಮೇಲೆ ಅವರ ಹಕ್ಕು ಅತಂತ್ರವಾಗುತ್ತಿತ್ತು. ಹೀಗಿದ್ದೂ ಅನೇಕ ಕುಟುಂಬಗಳು ಚಪ್ಪರದ ಮದುವೆಯನ್ನೇ ನಿಜವಾದ ಮದುವೆಯೆಂದು ಬಗೆದವು. ಸಂಪ್ರದಾಯವನ್ನು ಪಾಲಿಸುವುದಕ್ಕೆ ಆ ಜನ ತೆತ್ತ ಬೆಲೆ ಸಣ್ಣದಲ್ಲ.

ಎರಡನೆಯ ಒತ್ತಡ ತೋಟದ ದುಡಿಮೆಯದು. ವಾರವಿಡೀ ದುಡಿಯುವವರಿಗೆ ಬಿಡುವಿನ ದಿನವೇ ಶುಭದಿನ. ಹೀಗೆ ಶುಕ್ರವಾರ ರಾತ್ರಿ ಮೊದಲ ಶಾಸ್ತ್ರ, ಶನಿವಾರ ರಾತ್ರಿ ಅಡುಗೆಯ ಸಂಭ್ರಮ, ಭಾನುವಾರ ಹಗಲು ಮದುವೆ ಎಂಬ ಕ್ರಮ ರೂಢಿಯಾಯಿತು. ಇದೇ ಅವಧಿಯಲ್ಲಿ ಬ್ರಾಹ್ಮಣ ಪುರೋಹಿತರು ಎಲ್ಲ ಜಾತಿಯವರ ಮನೆಗಳಲ್ಲಿಯೂ ಒಂದೇ ಬಗೆಯ ವಿಧಿಗಳನ್ನು ನಡೆಸತೊಡಗಿದರು. ಮಾರ್ಟನ್ ಕ್ಲಾಸ್ 1961ರಲ್ಲಿ ಪ್ರಕಟಿಸಿದ ಗ್ರಂಥವು ಟ್ರಿನಿಡಾಡಿನ ಹಳ್ಳಿಯೊಂದನ್ನು ಅಭ್ಯಸಿಸಿ ಸಾಂಸ್ಕೃತಿಕ ಮುಂದುವರಿಕೆಗೆ ಒತ್ತು ಕೊಟ್ಟಿತು. ಆದರೆ ಮುಂದುವರಿದದ್ದು ಯಾವುದೋ ಒಂದು ಊರಿನ ಪದ್ಧತಿಯಲ್ಲ. ಹಲವು ಊರುಗಳ, ಹಲವು ಜಾತಿಗಳ ಪದ್ಧತಿಗಳು ಬೆರೆತು ಸಮವಾದ ಒಂದು ಹೊಸ ಕ್ರಮ.

ಈ ಸಮೀಕರಣಕ್ಕೆ ಪೂರ್ತಿ ಒಳಗಾಗದೆ ಉಳಿದದ್ದು ಸ್ತ್ರೀಯರ ‘ಮಟಿಕೋರ್’. ಮಾಟಿ ಎಂದರೆ ಮಣ್ಣು. ಕೋರ್ ಎಂದರೆ ಅಗೆಯುವುದು. ಶುಕ್ರವಾರ ರಾತ್ರಿ ಹೆಂಗಸರು ವಾದ್ಯದೊಡನೆ ನೀರಿನ ಬಳಿಗೆ ಹೋಗಿ, ಭೂಮಿಯನ್ನು ಪೂಜಿಸಿ, ಮಣ್ಣನ್ನು ಅಗೆದು ಮದುವೆಯ ವೇದಿಗಾಗಿ ತರುತ್ತಾರೆ. ಗಂಡಸರಿಲ್ಲದ ಆ ಹೊತ್ತಿನಲ್ಲಿ ಕುಣಿತ, ಬೈಗುಳದ ಹಾಡು, ದಾಂಪತ್ಯದ ಗುಟ್ಟುಗಳನ್ನು ವಧುವಿಗೆ ತಿಳಿಸುವ ಅಣಕುಗಳು ನಡೆಯುತ್ತವೆ. ಹುತ್ತದ ಮಣ್ಣನ್ನು ತರುವ ಶಾಸ್ತ್ರವನ್ನೂ ಬೀಗರನ್ನು ಜರೆಯುವ ಹಾಡುಗಳನ್ನೂ ಬಲ್ಲ ಕನ್ನಡಿಗರಿಗೆ ಇದು ಅಪರಿಚಿತವೇನಲ್ಲ. ಇದಕ್ಕೆ ಗ್ರಂಥವಿಲ್ಲ, ಪುರೋಹಿತನಿಲ್ಲ. ಹಿರಿಯ ಹೆಂಗಸರ ನೆನಪೇ ಇದರ ಆಧಾರ.

ಭೋಜಪುರಿ ಮನೆಮಾತಾಗಿ ಉಳಿಯದೆ ಇಂಗ್ಲಿಷಿಗೆ ಎಡೆಗೊಟ್ಟಾಗ ಆ ಹಾಡುಗಳ ಅರ್ಥ ಮಸುಕಾಯಿತು, ಆದರೆ ಲಯ ಉಳಿಯಿತು. ಚಪ್ಪರದ ಮರೆಯಲ್ಲಿದ್ದ ಆ ಲಯವೇ ವೇದಿಕೆಗೇರಿ ‘ಚಟ್ನಿ’ ಎಂಬ ಸಂಗೀತ ಪ್ರಕಾರಕ್ಕೆ ಜನ್ಮವಿತ್ತಿತು. 1980ರ ದಶಕದಲ್ಲಿ ದ್ರುಪತೀ ರಾಮ್‌ಗೂನಾಯ್ ಅದನ್ನು ಆಫ್ರಿಕನ್ ಮೂಲದವರ ಸೋಕಾ ಸಂಗೀತದೊಡನೆ ಬೆಸೆದು ಹಾಡಿದಾಗ ಹಿಂದೂ ಸಂಪ್ರದಾಯವಾದಿಗಳು ಕೆರಳಿದರು. ಇಲ್ಲಿ ಒಂದು ಸೂಕ್ಷ್ಮವಿದೆ. ಹೆಂಗಸರು ತಮ್ಮತಮ್ಮಲ್ಲಿಯೇ ಹಾಡುವಾಗ ‘ಶಾಸ್ತ್ರ’ವೆನಿಸಿದ್ದು, ಗಂಡಸರೂ ಅನ್ಯರೂ ಕೇಳತೊಡಗಿದೊಡನೆ ‘ಅಶ್ಲೀಲ’ವೆನಿಸಿತು. ಆಚರಣೆಯನ್ನು ತಿದ್ದಲು ಹೊರಟವರು ಪಾಶ್ಚಾತ್ಯರಷ್ಟೇ ಅಲ್ಲ. ಭಾರತವನ್ನು ಶುದ್ಧತೆಯ ಮಾದರಿಯಾಗಿ ಕಲ್ಪಿಸಿಕೊಂಡ ಸ್ವಜನರೂ ಹೌದು. ಈಚೆಗೆ ಹಿಂದೀ ಚಲನಚಿತ್ರಗಳ ಪ್ರಭಾವದಿಂದ ಮೆಹಂದಿಯ ರಾತ್ರಿ ಮದುವೆಗಳಲ್ಲಿ ಸೇರಿಕೊಂಡಿರುವುದೂ ಇಂಥದೇ ಇನ್ನೊಂದು ತಿದ್ದುಪಡಿ.

ಟ್ರಿನಿಡಾಡಿನಿಂದ ಟೊರೊಂಟೊ, ನ್ಯೂಯಾರ್ಕ್‌ಗಳಿಗೆ ಮತ್ತೊಮ್ಮೆ ವಲಸೆ ಹೋದ ಕುಟುಂಬಗಳಿಗೆ ಹಳ್ಳದ ದಡವಿಲ್ಲ. ಮನೆಯ ಹಿತ್ತಿಲಿನ ಅಂಗೈಯಗಲ ನೆಲವೇ ಮಟಿಕೋರ್‌ಗೆ ಸಾಕಾಗುತ್ತದೆ. ಅವರು ನೆನೆಯುವ ತವರು ಬಿಹಾರವಲ್ಲ, ಟ್ರಿನಿಡಾಡ್. ಪುರೋಹಿತರು ಬರೆದಿಟ್ಟುಕೊಂಡ ವಿಧಿ ಹೋದಲ್ಲೆಲ್ಲ ತನ್ನ ರೂಪವನ್ನು ಕಾಪಾಡಿಕೊಳ್ಳುತ್ತದೆ. ಹೆಂಗಸರು ಬಾಯಿಂದ ಬಾಯಿಗೆ ದಾಟಿಸಿದ ಆಚರಣೆ ಮಾತ್ರ ಹೋದ ನೆಲದ ಮಣ್ಣನ್ನೇ ಅಗೆದು ತನ್ನದಾಗಿಸಿಕೊಳ್ಳುತ್ತದೆ.