ಪಟ್ಟಿಯಲ್ಲಿಲ್ಲದ ಸೀಟು

ಅಪ್ಪ ಇಪ್ಪತ್ತೆರಡು ವರ್ಷಗಳಿಂದ ಬೆಂಗಳೂರಿನ ಒಂದೇ ಮನೆಗೆ ಕಾರು ಓಡಿಸುತ್ತಿದ್ದಾನೆ. ಆ ಮನೆಯ ಯಜಮಾನರು, ಅಪ್ಪನ ಬಾಯಲ್ಲಿ ‘ಸಾಹೇಬ್ರು’, ಹಳೆಯ ಗಾಡಿ ಕೊಟ್ಟು ಹೊಸದನ್ನು ಕೊಳ್ಳುವ ಯೋಚನೆ ಮಾಡಿದಾಗ ಅಪ್ಪನ ಅಭಿಪ್ರಾಯವನ್ನೂ ಕೇಳಿದರು. ಅದು ಬಾಯುಪಚಾರವಲ್ಲ. ಗಾಡಿಯ ವಿಷಯದಲ್ಲಿ ಅವರು ಅಪ್ಪನನ್ನು ಕೇಳದೆ ಟೈರನ್ನೂ ಬದಲಾಯಿಸುವವರಲ್ಲ. ಅಪ್ಪ ಅದನ್ನು ಅಷ್ಟೇ ಗಂಭೀರವಾಗಿ ತೆಗೆದುಕೊಂಡು ನನಗೆ ಫೋನ್ ಮಾಡಿದ: “ನೀನು ಲೆಕ್ಕಾಚಾರದಲ್ಲೇ ಪಿಎಚ್.ಡಿ. ಮಾಡ್ತಿದ್ದೀಯಲ್ಲ, ನಾಲ್ಕು ಗಾಡಿ ಹೋಲ್ಸಿ ಒಂದು ಪಟ್ಟಿ ಮಾಡ್ಕೊಡವ್ವ. ಆರಾಮ, ಬಾಳಿಕೆ, ಕೊಟ್ಟ ದುಡ್ಡಿಗೆ ತಕ್ಕ ಬೆಲೆ. ಮೂರೇ ವಿಷ್ಯ.”

ನಾಲ್ಕು ಗಾಡಿಗಳೆಂದರೆ ಮರ್ಸಿಡಿಸ್ ಇ-ಕ್ಲಾಸ್, ಬಿಎಂಡಬ್ಲ್ಯು 5 ಸೀರೀಸ್, ಲೆಕ್ಸಸ್ ಇಎಸ್ ಮತ್ತು ಟೊಯೋಟಾ ಕ್ಯಾಮ್ರಿ. ಮೊದಲಿನದು ಪುಣೆ ಹತ್ತಿರದ ಚಾಕಣ್‌ನಲ್ಲಿ, ಎರಡನೆಯದು ಚೆನ್ನೈ ಬಳಿ ಜೋಡಣೆಯಾಗುತ್ತದೆ. ಉಳಿದೆರಡೂ ನಮ್ಮ ಬಿಡದಿಯವು. ಲೆಕ್ಸಸ್ ಇಎಸ್ ಅಲ್ಲಿ ತಯಾರಾಗತೊಡಗಿದ್ದು 2020ರಲ್ಲಿ. ಮೈಸೂರು ರಸ್ತೆಯಲ್ಲಿ ಓಡಾಡುವ ನಮ್ಮ ನಾಗಮಂಗಲ ಕಡೆಯವರಿಗೆ ಬಿಡದಿಯೆಂದರೆ ತಟ್ಟೆ ಇಡ್ಲಿ. ಅದೇ ಊರಿನಲ್ಲಿ ಅರವತ್ತು ಲಕ್ಷ ದಾಟುವ ಕಾರೂ ಹುಟ್ಟುತ್ತದೆಂದು ಬಹಳ ಜನಕ್ಕೆ ತಿಳಿದಿಲ್ಲ.

ಅಪ್ಪ ಹೇಳಿದ್ದು ನನ್ನ ಸಂಶೋಧನೆಗೆ ತೀರ ದೂರದ ಕೆಲಸವೂ ಆಗಿರಲಿಲ್ಲ. ಅರ್ಥಶಾಸ್ತ್ರದಲ್ಲಿ ‘ಹೆಡೋನಿಕ್’ ಬೆಲೆ ವಿಶ್ಲೇಷಣೆ ಎಂಬ ವಿಧಾನವಿದೆ. ಗ್ರೀಕ್ ಭಾಷೆಯಲ್ಲಿ ಸುಖಕ್ಕಿರುವ ಮಾತಿನಿಂದ ಬಂದ ಹೆಸರು ಅದು. ಒಂದು ವಸ್ತುವಿನ ಬೆಲೆಯನ್ನು ಇಡಿಯಾಗಿ ನೋಡದೆ, ಅದರ ಒಂದೊಂದು ಗುಣಕ್ಕೂ ಕೊಳ್ಳುವವರು ಎಷ್ಟೆಷ್ಟು ಕೊಡುತ್ತಿದ್ದಾರೆಂದು ಬಿಡಿಸಿ ನೋಡುವ ಕ್ರಮ. ಇಂದು ಮನೆ, ಕಂಪ್ಯೂಟರು, ಸಂಬಳ ಎಲ್ಲಕ್ಕೂ ಅದನ್ನು ಬಳಸುತ್ತಾರೆ. ಆದರೆ ಆ ಹೆಸರು ಬಳಕೆಗೆ ಬಂದದ್ದು ಕಾರಿನಿಂದ. 1939ರಲ್ಲಿ ಅಮೆರಿಕದ ಆಂಡ್ರ್ಯೂ ಕೋರ್ಟ್ ಎಂಬ ಅರ್ಥಶಾಸ್ತ್ರಜ್ಞ ಕಾರುಗಳ ಬೆಲೆಯನ್ನು ತೂಕ, ಅಶ್ವಶಕ್ತಿ ಮತ್ತು ವೀಲ್‌ಬೇಸ್ ಎಂಬ ಮೂರು ಗುಣಗಳ ಮೇಲೆ ಹಂಚಿ ನೋಡಿದ. 1961ರಲ್ಲಿ ಝ್ವಿ ಗ್ರಿಲಿಕೆಸ್ ಆ ವಿಧಾನಕ್ಕೆ ಮರುಜೀವ ಕೊಟ್ಟ. ಅವನು ಹಿಡಿದ ಉದಾಹರಣೆಯೂ ಕಾರೇ. ವೀಲ್‌ಬೇಸ್ ಎಂದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗಿನ ಅಂತರ. ಸುಖವನ್ನು ಅಳೆಯಲು ಹೊರಟವರು ಮೊದಲು ಕೈಗೆತ್ತಿಕೊಂಡ ಅಳತೆಗಳಲ್ಲಿ ಅದೂ ಒಂದು. ನನ್ನ ಪಟ್ಟಿಯೂ ಅಲ್ಲಿಂದಲೇ ಶುರುವಾಯಿತು.

ಬಿಎಂಡಬ್ಲ್ಯು 3105 ಮಿ.ಮೀ., ಮರ್ಸಿಡಿಸ್ 3094, ಲೆಕ್ಸಸ್ 2870, ಕ್ಯಾಮ್ರಿ 2825. ಮೊದಲೆರಡು ಕಾರುಗಳು ನಮ್ಮಲ್ಲಿ ಸಿಗುವುದು ಉದ್ದನೆಯ ರೂಪದಲ್ಲಿ. ಯುರೋಪಿನಲ್ಲಿ ಓಡುವ 5 ಸೀರೀಸ್‌ಗಿಂತ ಇಲ್ಲಿಯದು 11 ಸೆಂ.ಮೀ., ಅಲ್ಲಿಯ ಇ-ಕ್ಲಾಸ್‌ಗಿಂತ ಇಲ್ಲಿಯದು 13 ಸೆಂ.ಮೀ. ಹೆಚ್ಚು ಉದ್ದ. ಈ ಉದ್ದನೆಯ ಗಾಡಿಗಳು ಮುಖ್ಯವಾಗಿ ಚೀನಾವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡವು. ಇ-ಕ್ಲಾಸ್ 2017ರಲ್ಲೂ 5 ಸೀರೀಸ್ 2024ರಲ್ಲೂ ಉದ್ದವಾಗಿ ಭಾರತಕ್ಕೆ ಬಂದವು. ಕಾರಣ ಸರಳ. ಜರ್ಮನಿಯಲ್ಲಿ ಇಂಥ ಕಾರು ಕೊಂಡವರು ಸಾಮಾನ್ಯವಾಗಿ ತಾವೇ ಓಡಿಸುತ್ತಾರೆ, ಇಲ್ಲಿ ಕೊಂಡವರಲ್ಲಿ ಬಹುಪಾಲು ಜನ ಹಿಂದೆ ಕೂರುತ್ತಾರೆ. ಆದ್ದರಿಂದ ಹಿಗ್ಗಿಸಿದ ಅಷ್ಟೂ ಜಾಗ ಹಿಂದಿನ ಬಾಗಿಲಿಗೆ, ಹಿಂದಿನ ಮೊಣಕಾಲಿಗೆ. ಚಾಲಕನ ಪಾಲಿಗೆ ಒಂದು ಅಂಗುಲವೂ ಬರುವುದಿಲ್ಲ. ಹಿಂದೆಯೂ ಎಡಬದಿಗೇ ಹೆಚ್ಚು ಮರ್ಯಾದೆ. ಯಜಮಾನರು ಕೂರುವುದು ಅಲ್ಲಿ, ಮುಂದಿನ ಖಾಲಿ ಸೀಟನ್ನು ಗುಂಡಿಯೊತ್ತಿ ಮುಂದಕ್ಕೆ ತಳ್ಳಿ ಕಾಲು ಚಾಚಬಹುದು.

ಕ್ಯಾಮ್ರಿಗೂ ಬಿಎಂಡಬ್ಲ್ಯುಗೂ ವೀಲ್‌ಬೇಸ್‌ನಲ್ಲಿರುವ ವ್ಯತ್ಯಾಸ 28 ಸೆಂ.ಮೀ. ಬಿಡುಗಡೆಯಾದಾಗಿನ ಷೋರೂಂ ಬೆಲೆ ಒಂದಕ್ಕೆ 48 ಲಕ್ಷ, ಇನ್ನೊಂದಕ್ಕೆ 72.9 ಲಕ್ಷ. “ಒಂದು ಗೇಣು, ಮೇಲೆ ಮೂರು ಬೆರಳು. ಅದಕ್ಕೆ ಇಪ್ಪತ್ತೈದು ಲಕ್ಷ” ಎಂದೆ. ಅಪ್ಪ ನಗಲಿಲ್ಲ. “ಬರೀ ಉದ್ದಕ್ಕಲ್ಲ ಕಣವ್ವ. ಆ ಗಾಡಿ ತಿರುವಲ್ಲಿ ಹೆಂಗೆ ನಿಲ್ತದೆ ಗೊತ್ತಾ? ಸ್ಟೇರಿಂಗ್ ಕೈಗೆ ಮಾತಾಡ್ತದೆ” ಎಂದ. ಅವನು ಗಾಡಿಯನ್ನು ಬಲ್ಲವನು. ಎದುರಿಗಿರುವುದು ಒಳ್ಳೆಯ ಯಂತ್ರವಾದರೆ ಅದನ್ನು ಒಳ್ಳೆಯದೆಂದೇ ಹೇಳುತ್ತಾನೆ, ಅದರಿಂದ ತನಗೇನು ಎಂದು ಕೇಳುವುದಿಲ್ಲ.

ಆರಾಮದ ಬಗ್ಗೆ ಅವನು ಕೊಟ್ಟ ವಿವರಗಳು ಯಾವ ಕಂಪನಿಯ ಹೊತ್ತಗೆಯಲ್ಲೂ ಇರಲಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿಯ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಹುಟ್ಟುವ ಹಂಪ್‌ಗಳು ಆ ಪುಸ್ತಕ ಓದಿಕೊಂಡು ಹುಟ್ಟಿದವಲ್ಲ. ಎರಡು ಚಕ್ರಗಳ ನಡುವಿನ ಅಂತರ ಹೆಚ್ಚಾದಷ್ಟೂ ಗಾಡಿಯ ಹೊಟ್ಟೆ ಹಂಪ್‌ಗೆ ತಾಗುವ ಸಂಭವ ಹೆಚ್ಚು. ಹಿಂದೆ ಕೂತವರ ಕಾಲಿಗೆ ಸುಖ ಕೊಡುವ ಉದ್ದವೇ ಮುಂದೆ ಕೂತವನ ಕುತ್ತಿಗೆಗೆ ಕೆಲಸ ಕೊಡುತ್ತದೆ. ಅಪ್ಪ ಪ್ರತಿ ಹಂಪನ್ನೂ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸುತ್ತಾನೆ. ಹಿಂದಿನವರ ಕೈಯಲ್ಲಿರುವ ಕಾಫಿ ಅಲುಗುವುದಿಲ್ಲ. ಆ ಅಲುಗದ ಕಾಫಿಯ ಕೀರ್ತಿ ಸಸ್ಪೆನ್ಷನ್‌ಗೆ ಹೋಗುತ್ತದೆ.

ಇನ್ನೊಂದು ವಿವರ ಕಾಯುವುದರದ್ದು. ಚಾಲಕನ ಕೆಲಸದಲ್ಲಿ ಓಡಿಸುವುದು ಕಡಿಮೆ, ಕಾಯುವುದು ಹೆಚ್ಚು. ಕಚೇರಿಯ ನೆಲಮಾಳಿಗೆ, ಕಲ್ಯಾಣ ಮಂಟಪದ ಹೊರಗಿನ ಬಯಲು, ಏಪ್ರಿಲ್ ಬಿಸಿಲು. ಸಾಮಾನ್ಯ ಪೆಟ್ರೋಲ್, ಡೀಸೆಲ್ ಕಾರಿನಲ್ಲಿ ಎ.ಸಿ. ಬೇಕೆಂದರೆ ಇಂಜಿನ್ ಓಡುತ್ತಲೇ ಇರಬೇಕು. ಇಂಜಿನ್ ಚಾಲೂ ಇಟ್ಟುಕೊಂಡು ಮಲಗಿದ ಚಾಲಕನಿಗೆ ಒಳ್ಳೆಯ ಹೆಸರಿರುವುದಿಲ್ಲ. ಲೆಕ್ಸಸ್, ಕ್ಯಾಮ್ರಿ ಎರಡೂ ಹೈಬ್ರಿಡ್. ಅವುಗಳ ಎ.ಸಿ. ಕಂಪ್ರೆಸರ್ ಬ್ಯಾಟರಿಯ ವಿದ್ಯುತ್ತಿನಲ್ಲಿ ತಿರುಗುತ್ತದೆ. ಚಾರ್ಜು ಇಳಿದಾಗ ಮಾತ್ರ ಇಂಜಿನ್ ಎದ್ದು, ಒಂದಿಷ್ಟು ತುಂಬಿಸಿ, ಮತ್ತೆ ಸುಮ್ಮನಾಗುತ್ತದೆ. ಈಗ ಐವತ್ತೆಂಟಾಗಿ, ಒಂದೇ ಭಂಗಿಯಲ್ಲಿ ಕೂರಬೇಡಿ ಎಂದು ಮೂಳೆ ಡಾಕ್ಟರಿಂದ ಹೇಳಿಸಿಕೊಂಡಿರುವ ಅಪ್ಪನಿಗೆ, ಮಧ್ಯಾಹ್ನ ಎರಡು ಗಂಟೆ ಸೀಟು ಒರಗಿಸಿ ತಣ್ಣಗೆ ಮಲಗುವುದೆಂದರೆ ಮಾತ್ರೆಯಷ್ಟೇ ಅಗತ್ಯದ ವಿಷಯ.

ಬಾಳಿಕೆಗೆ ಬಂದೆವು. ಅಮೆರಿಕದ ಜೆ.ಡಿ. ಪವರ್ ಸಂಸ್ಥೆ ಮೂರು ವರ್ಷ ಹಳೆಯ ಕಾರುಗಳ ಮಾಲೀಕರನ್ನು ಕೇಳಿ, ನೂರು ಕಾರಿಗೆ ಎಷ್ಟು ತೊಂದರೆ ಎಂದು ಪ್ರತಿವರ್ಷ ಲೆಕ್ಕ ಹಾಕುತ್ತದೆ. ಲೆಕ್ಸಸ್ ಹೆಚ್ಚಾಗಿ ಮೇಲಿನ ಸಾಲಿನಲ್ಲೇ ಇರುತ್ತದೆ. ಆದರೆ ಆ ಲೆಕ್ಕದಲ್ಲಿ ಗೇರ್‌ಬಾಕ್ಸ್ ಕೈಕೊಟ್ಟರೂ ಒಂದು ತೊಂದರೆ, ಫೋನ್ ಬ್ಲೂಟೂತ್‌ಗೆ ಸೇರದಿದ್ದರೂ ಒಂದು ತೊಂದರೆ. ಎರಡೂ ಒಂದೇ ತೂಕ. ಸಂಖ್ಯೆ ಸುಳ್ಳಲ್ಲ. ಅದು ಯಾರ ತೊಂದರೆಯನ್ನು ಎಣಿಸುತ್ತಿದೆ ಎಂಬುದನ್ನು ಮಾತ್ರ ನಾವು ಕೇಳಿಕೊಳ್ಳಬೇಕು.

ಅಪ್ಪನ ಲೆಕ್ಕದಲ್ಲಿ ಎಲ್ಲ ತೊಂದರೆಯೂ ಒಂದೇ ತೂಕವಲ್ಲ. ಈಗ ಮಾರುತ್ತಿರುವ ಗಾಡಿ ಯುರೋಪಿನ ಒಂದು ಕಂಪನಿಯದು, ಹೆಸರು ಬೇಡ. ಏಳನೇ ವರ್ಷದಲ್ಲಿ ಒಂದು ಬೆಳಿಗ್ಗೆ ಅದರ ಏರ್ ಸಸ್ಪೆನ್ಷನ್ ಸೋರಿ, ಮುಂದಿನ ಎಡಭಾಗ ಮಂಡಿಯೂರಿದ ಎತ್ತಿನಂತೆ ಕುಸಿದು ನಿಂತಿತ್ತು. ಅಂದು ಸಾಹೇಬರಿಗೆ ವಿಮಾನ ಹಿಡಿಯುವುದಿತ್ತು. ಟ್ಯಾಕ್ಸಿ ಕರೆಸಿ ಹೋದರು, ಒಂದು ಮಾತೂ ಆಡಲಿಲ್ಲ. ಆದರೂ ಅಪ್ಪ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ರಬ್ಬರಿನ ಗಾಳಿಚೀಲ ವರ್ಷಗಳು ಕಳೆದಂತೆ ಬಿರಿಯುವುದು ಸಹಜ ಎಂದು ಮೆಕ್ಯಾನಿಕ್ ಹೇಳಿದರೂ, “ಹಿಂದಿನ ದಿನ ರಾತ್ರಿ ನಾನು ನೋಡ್ಬೇಕಿತ್ತು” ಎನ್ನುತ್ತಲೇ ಇದ್ದ. ಗಾಡಿ ಕೆಟ್ಟರೆ ಮಾಲೀಕರಿಗೆ ಖರ್ಚು, ಚಾಲಕನಿಗೆ ಅಪರಾಧ. ಬಾಳಿಕೆ ಬರುವ ಗಾಡಿ ಎಂದರೆ ಅವನಿಗೆ ತಲೆತಗ್ಗಿಸದೆ ಕಳೆಯುವ ಬೆಳಗುಗಳು.

ಬಾಳಿಕೆಯ ಹೆಸರನ್ನು ಲೆಕ್ಸಸ್ ಗಳಿಸಿದ ಬಗೆಯನ್ನೂ ಅವನಿಗೆ ಹೇಳಿದೆ. 1989ರಲ್ಲಿ ಎಲ್‌ಎಸ್ 400 ಕಾರಿನೊಡನೆ ಅಮೆರಿಕದಲ್ಲಿ ಅಂಗಡಿ ತೆರೆದ ಕೆಲವೇ ತಿಂಗಳಲ್ಲಿ ಬೆರಳೆಣಿಕೆಯ ದೂರು ಬಂದವು. ಕಂಪನಿ ಆವರೆಗೆ ಮಾರಿದ ಸುಮಾರು 8,000 ಕಾರುಗಳನ್ನೂ ವಾಪಸು ಕರೆಸಿತು. ಮಾಲೀಕರ ಮನೆಗೇ ಹೋಗಿ ತಂದು, ರಿಪೇರಿ ಮಾಡಿ ಹಿಂತಿರುಗಿಸಿತು. ಕೆಡದಿರುವುದಕ್ಕಿಂತ ಕೆಟ್ಟಾಗ ನಡೆದುಕೊಂಡ ರೀತಿಯಿಂದ ಹುಟ್ಟಿದ ಹೆಸರು ಅದು. “ನಮ್ಮಂಗೇ” ಎಂದ ಅಪ್ಪ.

ಮೂರನೆಯದು ಬೆಲೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ರಸ್ತೆ ತೆರಿಗೆ ಶೇ. 18, ಅದರ ಮೇಲೆ ಸೆಸ್. 72.9 ಲಕ್ಷದ ಕಾರಿಗೆ ಬರೀ ಈ ತೆರಿಗೆಯೇ 13 ಲಕ್ಷ ದಾಟುತ್ತದೆ. ಆಮೇಲೆ ಮರುಮಾರಾಟ. ಐಷಾರಾಮಿ ಸೆಡಾನ್‌ಗಳ ಬೆಲೆ ಮೊದಲ ವರ್ಷಗಳಲ್ಲೇ ಜಾರುಬಂಡೆ ಇಳಿದಂತೆ ಇಳಿಯುತ್ತದೆ. ಇದಕ್ಕೊಂದು ಕಾರಣವನ್ನು ಜಾರ್ಜ್ ಅಕರ್ಲಾಫ್ 1970ರಲ್ಲೇ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದ್ದರು, 2001ರಲ್ಲಿ ನೊಬೆಲ್ ಹಂಚಿಕೊಂಡರು. ಮಾರುವವನಿಗೆ ಗೊತ್ತಿರುವ ದೋಷ ಕೊಳ್ಳುವವನಿಗೆ ಗೊತ್ತಿರುವುದಿಲ್ಲ, ಆ ಅನುಮಾನ ಒಳ್ಳೆಯ ಗಾಡಿಯ ಬೆಲೆಯನ್ನೂ ಎಳೆದುಹಾಕುತ್ತದೆ. ದೀರ್ಘ ವಾರಂಟಿ ಈ ಅನುಮಾನಕ್ಕೆ ಮದ್ದು. ಲೆಕ್ಸಸ್ 2024ರಿಂದ ಇಲ್ಲಿ ಎಂಟು ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತಿದೆ. ಜರ್ಮನ್ ಗಾಡಿಗಳಿಗೆ ಎರಡು-ಮೂರು ವರ್ಷವಾದ ಮೇಲೆ ದುಡ್ಡು ಕೊಟ್ಟು ಮುಂದುವರಿಸಿಕೊಳ್ಳಬೇಕು.

ಅಪ್ಪನ ಸಂಬಳ ತಿಂಗಳಿಗೆ 28 ಸಾವಿರ. ಹದಿಮೂರು ಲಕ್ಷದ ತೆರಿಗೆ ಎಂದರೆ ಅವನ ಸುಮಾರು ನಾಲ್ಕು ವರ್ಷದ ದುಡಿಮೆ. ಈ ಭಾಗಾಕಾರವನ್ನು ಅವನ ಮುಂದೆ ಮಾಡಲಿಲ್ಲ. ಅವನು ಅದನ್ನು ನನಗಿಂತ ಮೊದಲೇ ಮಾಡಿರುತ್ತಾನೆ.

ಪಟ್ಟಿ ಮುಗಿಯುವ ಹೊತ್ತಿಗೆ ನಾನು ನಾಲ್ಕನೆಯದೊಂದು ಸಾಲು ಸೇರಿಸಿದ್ದೆ: ಚಾಲಕನ ಸೀಟು. ಸೊಂಟಕ್ಕೆ ಆಸರೆ, ಕಾಯುವಾಗಿನ ಎ.ಸಿ., ಹಂಪ್‌ನಲ್ಲಿ ಹೊಟ್ಟೆ ತಾಗುವ ಭಯ. ದಿನಕ್ಕೆ ಹತ್ತು ಗಂಟೆ ಆ ಗಾಡಿಯಲ್ಲಿರುವವನು ಅಪ್ಪ. ಯಜಮಾನರು ಹೆಚ್ಚೆಂದರೆ ಎರಡು ಗಂಟೆ. ನಿವೃತ್ತಿಗೆ ಮುಂಚಿನ ಅವನ ಕೊನೆಯ ವರ್ಷಗಳು, ಅವನ ಬೆನ್ನು, ಇವು ಈ ನಾಲ್ಕು ಗಾಡಿಗಳಲ್ಲಿ ಯಾವುದು ಮನೆಗೆ ಬರುತ್ತದೆ ಎಂಬುದರ ಮೇಲೆ ನಿಂತಿದ್ದವು.

“ಅದನ್ನ ತೆಗೆ” ಎಂದ ಅಪ್ಪ.

“ಯಾಕಪ್ಪ? ನಿಜ ತಾನೆ?”

“ನಿಜವೇ. ಅವ್ರು ಕೇಳಿರೋದು ಗಾಡಿ ವಿಷ್ಯ. ನನ್ ವಿಷ್ಯ ಅಲ್ಲ. ನನ್ ಬೆನ್ನು ತೋರ್ಸಿ ಅವ್ರ ದುಡ್ಡು ಖರ್ಚು ಮಾಡ್ಸಕ್ಕಾಗ್ತದಾ?”

ವಾದ ಮಾಡಿದೆ. ಹಿಂದಿನ ಸೀಟಿನ ಆರಾಮ ಗಾಡಿಯ ಗುಣವಾದರೆ ಮುಂದಿನದೂ ಗಾಡಿಯ ಗುಣವೇ ಅಲ್ಲವೇ ಎಂದೆ. ಅಪ್ಪನ ಉತ್ತರ ನನ್ನ ಯಾವ ಪಠ್ಯದಲ್ಲೂ ಇಲ್ಲದ್ದು: “ಕೇಳ್ದೇ ಇರೋದನ್ನ ಹೇಳಿದ್ರೆ, ಕೇಳಿದ್ದಕ್ಕೆ ಹೇಳಿದ್ರ ಮೇಲೂ ಅನುಮಾನ ಬರ್ತದೆ.” ಇಪ್ಪತ್ತೆರಡು ವರ್ಷ ಕೂಡಿಟ್ಟ ಮಾತಿನ ಬೆಲೆಯನ್ನು ಒಂದು ಸಾಲಿಗಾಗಿ ಒಡೆಯಲು ಅವನು ಸಿದ್ಧನಿರಲಿಲ್ಲ. ಅಕರ್ಲಾಫ್ ಹೇಳಿದ ಅನುಮಾನ ಅವನಿಗೆ ಬೇರೆ ದಾರಿಯಿಂದ ಗೊತ್ತಿತ್ತು. ಪಟ್ಟಿ ಅವನದು, ಹೆಸರು ಅವನದು. ಆ ಸಾಲನ್ನು ತೆಗೆದೆ.

ಸಾಹೇಬರು ನಾಲ್ಕರಲ್ಲೂ ಹಿಂದೆ ಕೂತು ನೋಡಿ, ಕೊನೆಗೆ ಲೆಕ್ಸಸ್ ಆರಿಸಿದರು. ಎಂಟು ವರ್ಷದ ವಾರಂಟಿ ಅವರಿಗೆ ಹಿಡಿಸಿತ್ತು. ನಾನು ಬಯಸಿದ್ದೇ ಆಯಿತು, ಬಯಸಿದ ಕಾರಣಕ್ಕಲ್ಲ. ಅರ್ಥಶಾಸ್ತ್ರದಲ್ಲಿ ಇದನ್ನು ಬಾಹ್ಯ ಪರಿಣಾಮ ಎನ್ನುತ್ತಾರೆ. ಇಬ್ಬರ ವ್ಯವಹಾರದಿಂದ ಮೂರನೆಯವನಿಗೆ, ಯಾರೂ ಎಣಿಸದೆ ತಟ್ಟುವ ಲಾಭ ಅಥವಾ ನಷ್ಟ. ಅಪ್ಪನ ಬೆನ್ನಿಗೆ ದಕ್ಕಿದ ನೆಮ್ಮದಿ ಬೇರೊಬ್ಬರ ಲೆಕ್ಕದಲ್ಲಿ ಉಳಿದ ಚಿಲ್ಲರೆ. ಈ ಸಲ ಲಾಭದ ಕಡೆಗೆ ಬಿತ್ತು. ಇನ್ನೊಂದು ಗೇಣು ಉದ್ದದ ಗಾಡಿ ಹಿಡಿಸಿದ್ದರೆ ನಷ್ಟದ ಕಡೆಗೆ ಬೀಳುತ್ತಿತ್ತು, ಆಗಲೂ ಪಟ್ಟಿ ಹೀಗೇ ಸರಿಯಾಗಿರುತ್ತಿತ್ತು. ಒಳ್ಳೆಯ ಯಜಮಾನರಿದ್ದರೂ ಸಾಲದು ಎಂದು ನನಗನ್ನಿಸಿದ್ದು ಅಲ್ಲಿ. ಕೇಳಬೇಕಾದ ಪ್ರಶ್ನೆಯೇ ಪಟ್ಟಿಯಲ್ಲಿಲ್ಲದಿದ್ದರೆ ಒಳ್ಳೆಯತನಕ್ಕೂ ಉತ್ತರಿಸಲು ಏನೂ ಇರುವುದಿಲ್ಲ.

ಹೊಸ ಗಾಡಿ ಬಂದು ಎರಡು ವಾರದ ಮೇಲೆ, ಮಧ್ಯಾಹ್ನ ಎ.ಸಿ. ಹಾಕಿಕೊಂಡು ಮಲಗುತ್ತೀಯಾ ಎಂದು ವಿಚಾರಿಸಿದೆ.

“ಅರ್ಧ ಗಂಟೆ ಹಾಕ್ಕೋತೀನಿ. ಆಮೇಲೆ ಇಂಜಿನ್ ತಾನೇ ಎದ್ದೇಳ್ತದಲ್ಲ, ಆಗ ಆಫ್ ಮಾಡ್ತೀನಿ” ಎಂದ. “ಪೆಟ್ರೋಲ್ ಅವ್ರದ್ದು ಕಣವ್ವ.”